ಆರನೆಯ ತೂತು

ಬುಧವಾರ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಶ್ರೀಕಂಠನಿಗೆ ಕನ್ನಡಿಯಲ್ಲಿದ್ದ ಮುಖ ಕಂಡು ಹೇಸಿಗೆಯಾಯಿತು. ಬೇರೆಯವರ ಮುಖ ಕಂಡು ಹೇಸಿಗೆಪಡುವುದು ಅವನಿಗೆ ಮೊದಲಿನಿಂದ ಅಭ್ಯಾಸ. ಅದರಲ್ಲಿ ಒಂದು ಬಗೆಯ ಸುಖವೂ ಇತ್ತು. ಸ್ವಂತ ಮುಖ ಆ ಸಾಲಿಗೆ ಬಂದು ನಿಂತು ಮೂರು ದಿನವಾಗಿತ್ತಷ್ಟೆ. ಅಡುಗೆಮನೆಯಿಂದ ಅಹಲ್ಯಾ, "ರೀ, ಗ್ರೂಪಲ್ಲಿ ಇನ್ನೂ ಮೆಸೇಜ್ ಬರ್ತಾನೇ ಇದೆ. ಕನ್ನಡಿಗರ ಹೆಮ್ಮೆ ಅಂತೆ ನೀವು. ನಮ್ ಸಂಘದ ಶೈಲಜಾ ನಿಮ್ಗೆ ಸನ್ಮಾನ ಮಾಡ್ಬೇಕು ಅಂತಿದ್ದಾಳೆ, ಗಣೇಶನ ಫಂಕ್ಷನ್ನಲ್ಲಿ," ಎಂದು ಕೂಗಿದಳು. ಗಣೇಶನ ಫಂಕ್ಷನ್ನು ನವೆಂಬರಿನಲ್ಲಿ. ಜಪಾನಿನ ನಗೋಯಾದ ಕನ್ನಡಿಗರಿಗೆ ಹಾಲ್ ಸಿಕ್ಕಿದಾಗ ಚೌತಿ. ಆ ಜನವನ್ನು ನೆನೆದರೇ ಶ್ರೀಕಂಠನ ತುಟಿ ಒಂದು ಕಡೆಗೆ ಎಳೆಯುತ್ತಿತ್ತು. ಉಪ್ಪನ್ನು ಕೈಯಲ್ಲಿ ಎತ್ತಿ ಹಾಕುವವರು, ಐದೂವರೆಗೆ ಅಂದು ಆರೂಕಾಲಿಗೆ ಬರುವವರು, ಕಾರಿನ ಸಾಫ್ಟ್‌ವೇರ್ ಬರೆದೂ ಬರೆದೂ ತಾವೇ ಕಾರು ಕಟ್ಟಿದ ಹಾಗೆ ಮಾತಾಡುವವರು. ಅವರಲ್ಲಿ ಒಬ್ಬನಾದರೂ ಜೀವಮಾನದಲ್ಲಿ ಏನನ್ನಾದರೂ ಸರಿಯಾಗಿ ಅಳೆದಿದ್ದಾನೆಯೆ? ಶ್ರೀಕಂಠ ಅಳತೆಯ ಉಪಕರಣ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್. ಕೂದಲೆಳೆಯನ್ನು ಐವತ್ತಾಗಿ ಸೀಳಿದರೆ ಒಂದು ಸೀಳು ಎಷ್ಟು ದಪ್ಪ ಎಂಬುದು ಅವನ ಹೊಟ್ಟೆಪಾಡು. ಆ ನೂರು ಜನರ ಹೊಗಳಿಕೆ ಈಗ ಒಂದೊಂದಾಗಿ ಅಹಲ್ಯಾಳ ಫೋನಿನಲ್ಲಿ ಟಿಣ್ ಎನ್ನುತ್ತಿತ್ತು. ಬ್ಲೇಡು ಕಿವಿಯ ಕೆಳಗೆ ಕೊಯ್ದು ಒಂದು ಹನಿ ರಕ್ತ ಬಂತು.

"ಆ ಟಾರ್ಗೆಟ್ ಪೇಪರ್ ಎಲ್ಲಿಟ್ರಿ? ಫ್ರೇಮ್ ಹಾಕ್ಸೋಣ," ಎಂದಳು ಅಹಲ್ಯಾ ಬಾಗಿಲಿಗೆ ಬಂದು.

"ಬೇಡ."

"ಯಾಕ್ ಬೇಡ? ನೀವ್ ಗೆದ್ದ ಕಪ್ಪಿಗಿಂತ ಅದೇ ಚೆನ್ನಾಗಿದೆ. ಐದು ಗುಂಡು, ಒಂದೇ ತೂತು. ನಮ್ ಹರ್ಷಿಣಿನೂ ಸುಗೋಯ್ ಅಂತ ಕಳ್ಸಿದ್ಲು. ಅಪ್ಪನ್ನ ಅವಳು ಹೊಗಳೋದು ಅಂದ್ರೆ ಸುಮ್ನೇನಾ?"

"ಇವತ್ತು ಹಿಬಿನೋ-ಸಾನ್ ಮನೆಗೆ ಹೋಗ್ಬೇಕು. ಪೇಪರ್ ತಗೊಂಡು ಹೋಗ್ತೀನಿ," ಎಂದ. ಆಫೀಸಿಗೆ ರಜೆ ಹಾಕಿದ್ದ. ಅವನಿಗೆ ಗುರಿ ಹೊಡೆಯಲು ಕಲಿಸಿದ ಹಿಬಿನೋ ಸೋಮವಾರ ಫೋನು ಮಾಡಿ, ನೂರು ಸಲ ಕ್ಷಮೆ ಕೇಳಿ, ಬುಧವಾರ ತನ್ನನ್ನು ಪೊಲೀಸ್ ಸ್ಟೇಷನ್ನಿಗೆ ಕರೆದುಕೊಂಡು ಹೋಗಲು ಆಗುತ್ತದೆಯೇ ಎಂದು ವಿಚಾರಿಸಿದ್ದರು. ಕಾರಿನ ಲೈಸೆನ್ಸನ್ನು ಅವರು ಹೋದ ವರ್ಷವೇ ವಾಪಸು ಕೊಟ್ಟಿದ್ದರು. ಈಗ ರೈಫಲ್ಲನ್ನೂ ಕೊಡಬೇಕಾಗಿತ್ತು.

ಕಾರು ಪೂರ್ವದ ಗುಡ್ಡಗಳ ಕಡೆ ತಿರುಗಿದ ಮೇಲೂ ಶ್ರೀಕಂಠ ತನಗೆ ತಾನೇ ವಾದ ಹೂಡುತ್ತಿದ್ದ. ಎಪ್ಪತ್ತೊಂಬತ್ತು ವರ್ಷದ ಮುದುಕ. ಇವತ್ತಲ್ಲದಿದ್ದರೆ ನಾಳೆ ಬಿಡಬೇಕಾದ್ದೇ. ಹಿಬಿನೋ ಮೊದಲು ಕಾರ್ಖಾನೆಗಳಿಗೆ ಅಚ್ಚು ಉಜ್ಜಿಕೊಡುವ ಸಣ್ಣ ವರ್ಕ್‌ಶಾಪ್ ನಡೆಸಿದವರು. ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋಗಿದ್ದವು. ಎರಡು ವರ್ಷದ ಹಿಂದೆ ಶ್ರೀಕಂಠನಿಗೆ ರೈಫಲ್ಲಿನ ಪರವಾನಗಿ ಬಂದಾಗ, ಮೇಜಿನ ಮುಂದೆ ಕೂತು, ಮರಳು ಚೀಲದ ಮೇಲೆ ಬಂದೂಕು ಮಲಗಿಸಿ, ನೂರು ಮೀಟರ್ ಆಚೆಯ ಕಾಗದಕ್ಕೆ ಐದು ಗುಂಡನ್ನು ಒಂದೇ ಜಾಗಕ್ಕೆ ಹೊಡೆಯುವ ಈ ಆಟವನ್ನು ಅವರೇ ಕಲಿಸಿದರು. ಆ ಪರವಾನಗಿಗೆ ಹತ್ತು ವರ್ಷ ಶಾಟ್‌ಗನ್ ಇಟ್ಟುಕೊಂಡು ಸಭ್ಯನೆನಿಸಿಕೊಳ್ಳಬೇಕಾಗಿತ್ತು. ಪೊಲೀಸರು ಮನೆಗೆ ಬಂದು ಅಹಲ್ಯಾಳನ್ನು ಅಡುಗೆಮನೆಯಲ್ಲಿ ಒಬ್ಬಳನ್ನೇ ಕೂರಿಸಿಕೊಂಡು, ಗಂಡ ಕುಡಿಯುತ್ತಾನಾ, ಕೈ ಎತ್ತುತ್ತಾನಾ ಎಂದು ಕೇಳಿದ್ದರು. "ಯಾರಿಗೂ ಹೊಡೆಯಲ್ಲ, ಎಲ್ಲರನ್ನೂ ಕೀಳಾಗಿ ನೋಡ್ತಾರೆ ಅಷ್ಟೆ ಅಂತ ಹೇಳೋಣ ಅಂದ್ಕೊಂಡೆ. ಜಪಾನೀಸಲ್ಲಿ ಬರ್ಲಿಲ್ಲ," ಎಂದು ಅವಳು ಆಮೇಲೆ ನಕ್ಕಿದ್ದಳು. ಅವನು ನಕ್ಕಿರಲಿಲ್ಲ.

ಇನ್ನೊಬ್ಬರ ಬಂದೂಕನ್ನು ಮುಟ್ಟುವ ಹಾಗಿಲ್ಲ ಎಂಬುದು ಈ ದೇಶದ ಕಾನೂನು. ಎರಡು ವರ್ಷ ಹಿಬಿನೋ ಶ್ರೀಕಂಠನ ರೈಫಲ್ಲಿಗೆ ಒಂದು ಬೆರಳು ಸೋಕಿಸದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬರೀ ಮಾತಿನಲ್ಲಿ ಎಲ್ಲವನ್ನೂ ಹೇಳಿಕೊಟ್ಟರು. ತೋಟಾ ಅಂಗಡಿಯಲ್ಲಿ ಕೊಂಡರೆ ಸಾಲದು, ಮನೆಯಲ್ಲಿ ತಾನೇ ತುಂಬಿಕೊಳ್ಳಬೇಕು. ಹೊಡೆದು ಮುಗಿದ ಹಿತ್ತಾಳೆಯ ಕೋಶಗಳನ್ನು ತೊಳೆದು, ಕುತ್ತಿಗೆಯನ್ನು ಉಜ್ಜಿ, ಉದ್ದ ಸಮ ಮಾಡಿ, ಮದ್ದನ್ನು ಕಾಳು ಕಾಳಾಗಿ ತೂಗಿ ಸುರಿದು, ಗುಂಡನ್ನು ಮೇಲೆ ಕೂರಿಸಬೇಕು. ಶ್ರೀಕಂಠನ ಹತ್ತಿರ ಇದ್ದದ್ದು ಎಲೆಕ್ಟ್ರಾನಿಕ್ ತಕ್ಕಡಿ. ಹಿಬಿನೋ ಅವರದು ಹಳೆಯ ಹಿತ್ತಾಳೆ ತಕ್ಕಡಿ, ತೂಗುವಾಗ ಉಸಿರು ಬಿಗಿಹಿಡಿಯಬೇಕಾದದ್ದು. ಗುಂಡನ್ನು ಒತ್ತಿ ಕೂರಿಸುವಾಗ ಮುದುಕ ಕಣ್ಣು ಮುಚ್ಚುತ್ತಿದ್ದರು. "ಇದು ಬಿಗಿ," "ಇದು ಸಡಿಲ," ಎಂದು ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದರು. ಶ್ರೀಕಂಠ ಆ ಡಬ್ಬಿಗಳ ತೋಟಾಗಳನ್ನು ತಂದುಕೊಂಡು ಅಳೆದು ನೋಡಬೇಕೆಂದು ಎಷ್ಟೋ ಸಲ ಆಸೆಪಟ್ಟಿದ್ದ, ಮುದುಕನ ಬೆರಳು ಸುಳ್ಳು ಹೇಳುತ್ತಿದೆ ಎಂದು ಸಾಬೀತು ಮಾಡಲಿಕ್ಕೆ. ಕಾನೂನು ಅದಕ್ಕೂ ಅಡ್ಡ ಬಂತು. ನಳಿಗೆಯ ತುದಿಯ ಉಂಗುರವನ್ನು ಕೂದಲಷ್ಟು ಕೂದಲಷ್ಟು ತಿರುಗಿಸಿ ಹದ ಮಾಡುವ ದಿನ ಹಿಬಿನೋ ಹೇಳಿದ್ದರು: "ನಡುಗದ ನಳಿಗೆ ಇಲ್ಲ, ಶ್ರೀಕಂಠ-ಸಾನ್. ಪ್ರತಿ ಸಲ ಒಂದೇ ಥರ ನಡುಗುವ ಹಾಗೆ ಮಾಡಬಹುದು ಅಷ್ಟೆ." ಇದನ್ನೇನು ದೊಡ್ಡ ವೇದಾಂತದ ಹಾಗೆ ಹೇಳುತ್ತಾನೆ ಎಂದುಕೊಂಡು ಶ್ರೀಕಂಠ ತಲೆ ಬಗ್ಗಿಸಿ ಅರಿಗಾತೋ ಎಂದು ಧನ್ಯವಾದ ಹೇಳಿದ್ದ.

ನಡುಗಿದ್ದು ಭಾನುವಾರ ನೆಲವೇ. ಅದಕ್ಕೆ ಮುಂಚೆ, ಕ್ಲಬ್ಬಿನ ಸ್ಪರ್ಧೆಯ ಆ ಬೆಳಿಗ್ಗೆ ಥರ್ಮಾಸಿನಿಂದ ಬಾರ್ಲಿ ಟೀ ಸುರಿಯುತ್ತ ಹಿಬಿನೋ ಹೇಳಿದ್ದರು: "ನನ್ನ ಪರವಾನಗಿ ಮುಂದಿನ ತಿಂಗಳು ಮುಗಿಯುತ್ತದೆ. ಮುದುಕರ ನೆನಪಿನ ಪರೀಕ್ಷೆ ಪಾಸಾಗಿದ್ದೇನೆ. ಆದರೆ ಕಣ್ಣನ್ನು ನಾನೇ ಪರೀಕ್ಷೆ ಮಾಡಿಕೊಳ್ಳಬೇಕು. ಇವತ್ತು ಕೊನೆಯ ಸುತ್ತಿನಲ್ಲಿ ಐದೂ ಒಂದು ಕಡೆ ಬಿದ್ದರೆ ಇನ್ನೊಂದು ಸಲ ರಿನ್ಯೂ ಮಾಡಿಸುತ್ತೇನೆ. ಇಲ್ಲದಿದ್ದರೆ ಸಾಕು." ಶ್ರೀಕಂಠ, "ಹಾಗೆಲ್ಲ ಹೇಳಬೇಡಿ," ಎಂದ. ಹೇಳಬೇಕಾದ ಮಾತು ಅದೇ ಆದ್ದರಿಂದ ಹೇಳಿದ. ಒಳಗೆ ಅವನ ಲೆಕ್ಕ ಬೇರೆ ಇತ್ತು. ಕ್ಲಬ್ಬಿನಲ್ಲಿ ಅವನನ್ನು ಹಿಂದಕ್ಕೆ ಹಾಕುವವರೆಂದರೆ ಈ ಮುದುಕ ಒಬ್ಬರೇ.

ಕೊನೆಯ ಸುತ್ತು. ಆರನೆಯ ಮೇಜಿಗೆ ಶ್ರೀಕಂಠ, ಏಳನೆಯದಕ್ಕೆ ಹಿಬಿನೋ. ಇಬ್ಬರೂ ಎರಡೆರಡು ಗುಂಡು ಹೊಡೆದಿದ್ದರು. ಆಗ ತಗಡಿನ ಮಾಡು ಗಡಗಡ ಅಂದಿತು, ದೂರದ ಕಾಗದದ ಚೌಕಟ್ಟುಗಳು ತೊನೆದವು. ಕಾರ್ಯದರ್ಶಿ ಮಿಜುಟಾನಿ ಸೀಟಿ ಊದಿದ. ಎಲ್ಲರೂ ಬಂದೂಕು ತೆರೆದಿಟ್ಟು ಮೇಜು ಬಿಟ್ಟು ಹಿಂದೆ ಸರಿದು, ಬಸ್ಸಿಗೆ ಕಾಯುವವರ ಹಾಗೆ ನಿಂತರು. ಒಂದು ನಿಮಿಷ ಆಗಿರಬಹುದು. ಈ ನಿಲ್ಲುವಿಕೆಯನ್ನು ಶ್ರೀಕಂಠ ಬಲ್ಲ, ಇದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಆಗ ಕೆಲಸಕ್ಕಿದ್ದ ಕಾವಾಸಾಕಿ ಊರಿನ ಆಫೀಸಿನಲ್ಲಿ, ಮಾರ್ಚ್ ಹನ್ನೊಂದರ ಮಹಾಭೂಕಂಪದಂದು ಹನ್ನೆರಡನೆಯ ಮಹಡಿ ಹಡಗಿನ ಹಾಗೆ ಓಲಾಡುವಾಗಲೂ ಇವರು ಹೀಗೇ ನಿಂತಿದ್ದರು, ಹೆಲ್ಮೆಟ್ ಹಾಕಿಕೊಂಡು, ಸಾಲಾಗಿ. ಅವನು ಮೆಟ್ಟಿಲಲ್ಲಿ ನಾಲ್ಕು ಜನರನ್ನು ತಳ್ಳಿಕೊಂಡು ಇಳಿದಿದ್ದ. ಐದನೆಯ ದಿನ, ಅಣುಸ್ಥಾವರ ಸಿಡಿದ ಸುದ್ದಿ ಕೇಳಿ, ಅಹಲ್ಯಾಳನ್ನೂ ನಾಲ್ಕು ವರ್ಷದ ಹರ್ಷಿಣಿಯನ್ನೂ ಕರೆದುಕೊಂಡು ಬೆಂಗಳೂರಿಗೆ ವಿಮಾನ ಹತ್ತಿದ. ತಾಯಿ ಆಸ್ಪತ್ರೆಯಲ್ಲಿದ್ದಾರೆ ಎಂದು ಮ್ಯಾನೇಜರಿಗೆ ಮೇಲ್ ಬರೆದ. ತಾಯಿ ಜಯನಗರದಲ್ಲಿ ತಂಗಿಯ ಮನೆಯಲ್ಲಿ ಧಾರಾವಾಹಿ ನೋಡುತ್ತ ಗಟ್ಟಿಮುಟ್ಟಾಗಿದ್ದರು. ಮೂರು ವಾರ ಬಿಟ್ಟು ಮರಳಿದಾಗ ಅವನ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಅದರ ತುಂಬ ಕಾಗದದ ಕೊಕ್ಕರೆಗಳು. ಕರೆಂಟಿಲ್ಲದ ಮಧ್ಯಾಹ್ನಗಳಲ್ಲಿ ಸೆಕ್ಷನ್ನಿನವರೆಲ್ಲ ಕೂತು, ಅವನ ತಾಯಿ ಬೇಗ ಗುಣವಾಗಲಿ ಎಂದು ಒಂದೊಂದಾಗಿ ಮಡಚಿದ್ದು. "ಅಮ್ಮ ಹೇಗಿದ್ದಾರೆ?" ಎಂದು ಮ್ಯಾನೇಜರ್ ಕೇಳಿದಾಗ ಆ ಮುಖದಲ್ಲಿ ವ್ಯಂಗ್ಯದ ಒಂದು ಗೆರೆ ಸಿಕ್ಕೀತೇ ಎಂದು ಅವನು ಹುಡುಕಿದ. ಸಿಗಲಿಲ್ಲ. ಸಿಕ್ಕಿದ್ದರೆ ಅವನು ಆ ಊರಿನಲ್ಲಿ ಇನ್ನಷ್ಟು ವರ್ಷ ಇರುತ್ತಿದ್ದ. ಪೆಟ್ಟಿಗೆಯನ್ನು ಮಂಗಳವಾರದ ಕಸಕ್ಕೆ ಇಟ್ಟ; ಮಾರನೆಯ ವರ್ಷ ಕೆಲಸ ಬದಲಿಸಿ ನಗೋಯಾಕ್ಕೆ ಬಂದ.

ಮಿಜುಟಾನಿ ಮತ್ತೆ ಸೀಟಿ ಊದಿ, "ಮುಂದುವರಿಸಿ," ಎಂದ. ಉಳಿದವರು ಮೇಜು ಸರಿಯಿದೆಯೇ, ಚೀಲ ಜರುಗಿದೆಯೇ ಎಂದು ಮೆಲ್ಲಗೆ ತಡವಿ ನೋಡುತ್ತಿದ್ದರು. ಈ ಸಾವಕಾಶದ ಬಗ್ಗೆ ಶ್ರೀಕಂಠನಿಗೆ ತಾತ್ಸಾರ. ಗಾಳಿಯ ಬಾವುಟ ಸ್ತಬ್ಧವಾಗಿತ್ತು, ಇನ್ನು ಹತ್ತು ಸೆಕೆಂಡು ಹಾಗೇ ಇರುತ್ತದೆ. ಅವನು ಕೂತ, ದುರ್ಬೀನಿನಲ್ಲಿ ಕಪ್ಪು ಚೌಕ ಕಂಡಿತು, ಗೆರೆ ಕೂಡಿತು, ಟ್ರಿಗರ್ ಎಳೆದ. ಅದೇ ಕ್ಷಣಕ್ಕೆ ಪಕ್ಕದಲ್ಲಿ ಹಿಬಿನೋ ಅವರದೂ ಸಿಡಿಯಿತು. ಹೊಗೆಯ ತೆಳು ಎಳೆ ಸರಿದ ಮೇಲೆ ಅವನ ಕಣ್ಣು ಚೌಕದ ಮೇಲಿನ ಅಂಕಿಗೆ ಹೋಯಿತು. ಏಳು.

ತೋಟಾ ತುಂಬುವಾಗ ಕೈ ನಡುಗಲಿಲ್ಲ ಎಂಬುದು ಅವನಿಗೆ ಈಗಲೂ ಆಶ್ಚರ್ಯ. ಬಂದೂಕನ್ನು ಒಂದಿಷ್ಟೇ ಎಡಕ್ಕೆ ಸರಿಸಿ, ಆರನೆಯ ಕಾಗದಕ್ಕೆ ಉಳಿದೆರಡನ್ನೂ ಹೊಡೆದ. ಎರಡೂ ಹಳೆಯ ತೂತಿನೊಳಕ್ಕೇ ಹೋದವು. ಹೊಡೆಯುತ್ತಿರುವಾಗ ಮಾತಾಡಬಾರದು, ಮುಗಿದ ಮೇಲೆ ಹೇಳುತ್ತೇನೆ, ಅಂದುಕೊಂಡ. ಮುಗಿದ ಮೇಲೆ, ಮಿಜುಟಾನಿ ಕಾಗದ ತರಲಿ, ಅವನಿಗೇ ಗೊತ್ತಾಗುತ್ತದೆ, ಅಂದುಕೊಂಡ. ಒಂದರಲ್ಲಿ ನಾಲ್ಕು, ಇನ್ನೊಂದರಲ್ಲಿ ಆರು, ಕುರುಡನಿಗೂ ಕಾಣುತ್ತದೆ. ಆದರೆ ಅವನ ನಾಲ್ಕು ಗುಂಡುಗಳು ಒಂದರ ಮೇಲೊಂದು ಬಿದ್ದು ಒಂದೇ ತೂತಾಗಿದ್ದವು. ಅದರಲ್ಲಿ ನಾಲ್ಕು ಎಂದರೂ ಸರಿ, ಐದು ಎಂದರೂ ಸರಿ. ಹಿಬಿನೋ ಅವರ ಐದೂ ಹಾಗೆಯೇ ಒಂದು ಗುಂಡಿಯ ಕಾಜದಷ್ಟು ಜಾಗದಲ್ಲಿ ಹೋಗಿ, ಬೆರಳಗಲದಾಚೆ ಒಂಟಿ ತೂತೊಂದು ಬಿದ್ದಿತ್ತು. ನೋಡಿದವರಿಗೆ ನಾಲ್ಕು ಮತ್ತು ಒಂದು. ಮಿಜುಟಾನಿ ಕ್ಯಾಲಿಪರ್ ಹಿಡಿದು ಶ್ರೀಕಂಠನ ತೂತನ್ನು ಮೂರು ಸಲ ಅಳೆದು, ಕ್ಲಬ್ಬಿನಲ್ಲಿ ಇಷ್ಟು ಸಣ್ಣದು ಯಾರೂ ಹೊಡೆದಿಲ್ಲ ಎಂದ. ಕ್ಯಾಲಿಪರ್ ಶ್ರೀಕಂಠನ ಕಂಪನಿಯದೇ. ಅದು ಅಂಚಿನಿಂದ ಅಂಚಿಗೆ ತಪ್ಪಿಲ್ಲದೆ ಅಳೆಯಿತು. ಎಣಿಸುವುದು ಅದರ ಕೆಲಸವಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಈಗ ಹೇಳುತ್ತೇನೆ ಎಂದು ಬಾಯಿ ತೆರೆದಾಗ ಎದುರಿಗೆ ಹಿಬಿನೋ ನಿಂತು ಸೊಂಟದವರೆಗೆ ಬಾಗಿದರು. "ಅಭಿನಂದನೆ. ನನ್ನದು ಒಂದು ಓಡಿಹೋಯಿತು. ಪಕ್ಕದಲ್ಲಿ ಕೂತು ಅಂಥದ್ದು ಹೊಡೆದೆ, ಕ್ಷಮಿಸಿ." ಶ್ರೀಕಂಠನ ತೆರೆದ ಬಾಯಿಂದ ಬಂದದ್ದು, "ಅರಿಗಾತೋ ಗೊಜಾಯಿಮಾಸು." ಅವನು ತಿರಸ್ಕರಿಸುವ ಸಮಸ್ತ ಜನಗಳಲ್ಲಿ ಯಾರು ತಾನೇ ಇದಕ್ಕಿಂತ ಅಗ್ಗದ ಮಾತನ್ನು ಆಡಿದ್ದರು?

ಹಿಬಿನೋ ಅವರ ಮನೆ ಬಂತು. ಸಣ್ಣ ಮನೆ, ಪಕ್ಕದಲ್ಲಿ ಷಟರ್ ಎಳೆದ ಹಳೆಯ ವರ್ಕ್‌ಶಾಪು. ಹೊಸ್ತಿಲ ಒಳಗೆ ರೈಫಲ್ಲು ಆಗಲೇ ಅದರ ಚೀಲದಲ್ಲಿ ಸಿದ್ಧವಾಗಿ ಒರಗಿತ್ತು. ಹಿಬಿನೋ ಕೋಟು ಹಾಕಿಕೊಂಡು ಟೈ ಕಟ್ಟಿದ್ದರು. ಅವರ ಹೆಂಡತಿ ಟೀ ತಂದಿಟ್ಟು, ಈ ಬಂದೂಕು ಹೋದರೆ ತನಗೆ ಒಂದು ಕಪಾಟು ಸಿಗುತ್ತದೆ ಎಂದು ನಕ್ಕು ಒಳಗೆ ಹೋದರು. ಶ್ರೀಕಂಠ ಟೀ ಮುಟ್ಟಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಗೌರವದ ಜಪಾನೀಸ್ ವಾಕ್ಯಗಳು ಒಂದೂ ನೆನಪಾಗದೆ, ಶಾಲೆಯ ಹುಡುಗನ ಜಪಾನೀಸಿನಲ್ಲಿ ಹೇಳಿಬಿಟ್ಟ.

"ಹಿಬಿನೋ-ಸಾನ್, ಭಾನುವಾರದ ಆ ಗುಂಡು ನಿಮ್ಮದಲ್ಲ. ನನ್ನದು. ಭೂಕಂಪ ಆದ ಮೇಲೆ ನಾನು ತಪ್ಪಿ ನಿಮ್ಮ ಕಾಗದಕ್ಕೆ ಹೊಡೆದೆ. ನಂಬರ್ ನೋಡಲಿಲ್ಲ."

ಹಿಬಿನೋ ಕೈಯಲ್ಲಿದ್ದ ಟೀ ಬಟ್ಟಲನ್ನು ಕೆಳಗಿಟ್ಟರು. ಆಮೇಲೆ ಅವರ ಮುಖ ಮೆತ್ತಗಾಯಿತು. "ನೀವು ಇಷ್ಟು ದೂರ ಬಂದು ಹೀಗೆ ಹೇಳುತ್ತೀರಿ ಅಂತ ನಾನು ಅಂದುಕೊಂಡಿರಲಿಲ್ಲ," ಎಂದರು.

"ಇಲ್ಲ, ನಿಜವಾಗಿ. ಇದನ್ನು ನೋಡಿ." ಶ್ರೀಕಂಠ ಸುತ್ತಿ ತಂದಿದ್ದ ಕಾಗದವನ್ನು ಮೇಜಿನ ಮೇಲೆ ಬಿಚ್ಚಿದ. "ಇದರಲ್ಲಿ ನಾಲ್ಕೇ ಇವೆ."

ಹಿಬಿನೋ ಕಿಸೆಯಿಂದ ಭೂತಗನ್ನಡಿ ತೆಗೆದು, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೆಲ್ಲಗೆ ತಿರುಗಿಸುತ್ತ ನೋಡಿದರು. ಜೀವಮಾನವಿಡೀ ಅಚ್ಚಿನ ಅಂಚು ನೋಡಿದವರ ಹಾಗೆಯೇ ನೋಡಿದರು. "ಇಲ್ಲಿ ಒಂದು. ಇಲ್ಲಿ ಎರಡು. ಇದು ಮೂರನೆಯದು. ಈ ಅಂಚು ನೋಡಿ, ಕಾಗದ ಎರಡು ಸಲ ಹರಿದಿದೆ. ಇಲ್ಲಿ ಎರಡು ಹೋಗಿವೆ. ಐದು."

"ನಾಲ್ಕು! ಹೊಡೆದವನು ನಾನು, ನನಗೆ ಗೊತ್ತಿಲ್ಲವೆ?" ಅವನ ದನಿ ಏರಿತು. ಒಳಗಿಂದ ಹೆಂಡತಿ ಇಣುಕಿ ಸರಿದರು.

"ನಿಮ್ಮ ಕೈಯನ್ನು ನೀವೇ ಅನುಮಾನಿಸಬಾರದು, ಶ್ರೀಕಂಠ-ಸಾನ್," ಎಂದರು ಹಿಬಿನೋ. "ಯೋಚನೆ ಮಾಡಿ. ನೀವು ಹೇಳುವುದು ನಿಜವಾದರೆ ನನ್ನ ಐದೂ ಆ ಒಂದೇ ತೂತಿನಲ್ಲಿ ಹೋಗಿರಬೇಕು. ಐವತ್ತು ವರ್ಷದಲ್ಲಿ ನಾನು ಅಷ್ಟು ಚೆನ್ನಾಗಿ ಹೊಡೆದೇ ಇಲ್ಲ. ಕಣ್ಣು ನೆಟ್ಟಗಿದ್ದಾಗಲೂ ಇಲ್ಲ." ಅವರು ಕಾಗದವನ್ನು ಮೊದಲಿನಂತೆ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟರು. "ನಿಮ್ಮ ಮನಸ್ಸು ನನಗೆ ಅರ್ಥವಾಯಿತು. ಬಹಳ ಸಂತೋಷ."

ಏನು ಅರ್ಥವಾಯಿತು ನಿನಗೆ, ಮುದುಕಾ, ಎಂದು ಶ್ರೀಕಂಠನಿಗೆ ಕನ್ನಡದಲ್ಲಿ ಕಿರುಚಬೇಕೆನಿಸಿತು. ಆದರೆ ಕಾರಿಗೆ ಹತ್ತಿ ಬೆಲ್ಟು ಕಟ್ಟುವಾಗ ತನ್ನೊಳಗೆ ಮತ್ತೊಂದು ಮೆಲ್ಲಗೆ ಎದ್ದು ಕೂತದ್ದನ್ನು ಗಮನಿಸಿದ. ಅದು ನೆಮ್ಮದಿ. ನಾನಂತೂ ಹೇಳಿದೆ. ನಂಬದಿದ್ದರೆ ನಾನೇನು ಮಾಡಲಿ? ಮನುಷ್ಯ ಎಷ್ಟು ಬೇಗ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಾನೆ ಎಂದು ಅಚ್ಚರಿಪಡುತ್ತಲೇ ತಟ್ಟಿಕೊಂಡ. ಹಿಂದಿನ ಸೀಟಿನಲ್ಲಿ ಹಿಬಿನೋ ಬಂದೂಕನ್ನು ಪಕ್ಕದಲ್ಲಿಟ್ಟುಕೊಂಡು, ಅದು ಅಲುಗಾಡದಂತೆ ಒಂದು ಕೈ ಮೇಲಿಟ್ಟು, ಹೊರಗೆ ಹಳದಿಯಾಗಿದ್ದ ಗಿಂಕೋ ಮರಗಳ ಬಗ್ಗೆ ಮಾತಾಡುತ್ತಿದ್ದರು.

ಪೊಲೀಸ್ ಸ್ಟೇಷನ್ನಿನ ಎರಡನೆಯ ಮಹಡಿ. ಬಂದೂಕು ಪರವಾನಗಿಯ ಕೌಂಟರಿನಲ್ಲಿ ಮೂವತ್ತೈದರ ಆಸುಪಾಸಿನ ಅಧಿಕಾರಿ, ಇಸ್ತ್ರಿ ಮಾಡಿದ ಅಂಗಿ, ಸಣ್ಣ ಅಕ್ಷರ. ಅವನು ರೈಫಲ್ಲಿನ ನಂಬರನ್ನು ಪುಸ್ತಕದ ನಂಬರಿಗೆ ತಾಳೆ ನೋಡಿದ, ನಳಿಗೆಯ ಉದ್ದ ಅಳೆದ. ಇದನ್ನು ಒಪ್ಪಿಸಿದರೆ ತುಂಡು ಮಾಡುತ್ತಾರೆ, ಮತ್ತೆ ಸಿಗುವುದಿಲ್ಲ, ಒಪ್ಪಿಗೆಯೇ ಎಂದು ಕೇಳಿದ. ಹಿಬಿನೋ ಒಪ್ಪಿಗೆ ಎಂದರು. ಕಾರಣ ಬರೆಯುವ ಜಾಗಕ್ಕೆ ಬಂದು ಅಧಿಕಾರಿ ಪೆನ್ನು ನಿಲ್ಲಿಸಿದ.

"ಹಿಬಿನೋ-ಸಾನ್, ನೀವು ಪರೀಕ್ಷೆ ಪಾಸಾಗಿದ್ದೀರಿ. ಕಾಗದದಲ್ಲಿ ಏನೂ ತೊಂದರೆಯಿಲ್ಲ. ಯಾಕೆ ಬಿಡುತ್ತಿದ್ದೀರಿ?"

"ಭಾನುವಾರ ಸ್ಪರ್ಧೆಯಲ್ಲಿ ಒಂದು ಗುಂಡು ತಪ್ಪಿಹೋಯಿತು. ಎಲ್ಲಿ ಹೋಗುತ್ತದೆ ಅಂತ ಗೊತ್ತಿಲ್ಲದೆ ಗುಂಡು ಹೊಡೆಯುವವನ ಕೈಯಲ್ಲಿ ಬಂದೂಕು ಇರಬಾರದು."

ಅಧಿಕಾರಿ ತಲೆದೂಗಿ ಬರೆದುಕೊಂಡ. ಆಮೇಲೆ ಶ್ರೀಕಂಠನ ಕಡೆ ನೋಡಿದ. "ನೀವೂ ಕ್ಲಬ್ಬಿನವರೆ? ಅವತ್ತು ಅಲ್ಲಿದ್ದಿರಾ?"

"ಇದ್ದೆ. ಪಕ್ಕದ ಮೇಜು."

"ಇವರು ಹೇಳಿದ ಹಾಗೇ ಆಯಿತೆ?"

ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಇಲ್ಲಿ ಹೇಳಿದರೆ ನಂಬುತ್ತಾರೆ. ಇಲ್ಲಿ ಯಾರಿಗೂ ಶ್ರೀಕಂಠನ ಮನಸ್ಸನ್ನು ಅರ್ಥ ಮಾಡಿಕೊಳ್ಳುವ ಕೆಲಸವಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳುವುದೇ ಇವರ ಕೆಲಸ. ನಂಬರ್ ನೋಡದೆ ಹೊಡೆದಿರಾ? ಗೊತ್ತಾದ ಮೇಲೂ ಹೇಳಲಿಲ್ಲವೆ? ಮೂರು ದಿನ? ಮಾರ್ಚಿನಲ್ಲಿ ಅವನ ರಿನ್ಯೂವಲ್. ವಿದೇಶಿಯ ಫೈಲಿನಲ್ಲಿ ಒಂದು ಸಾಲು ಬಿದ್ದರೆ ಹತ್ತು ವರ್ಷ ಕಾದು ಪಡೆದದ್ದು ಈ ಮೇಜಿನ ಮೇಲೇ ಮಲಗುತ್ತದೆ. ಹಿಬಿನೋ ಅವನ ಕಡೆ ತಿರುಗಿ ಸಣ್ಣದಾಗಿ ತಲೆ ಅಲ್ಲಾಡಿಸಿದರು, ಮತ್ತೆ ಆ ಸುಳ್ಳು ಹೇಳಿ ತೊಂದರೆಗೆ ಸಿಕ್ಕಬೇಡ ಎನ್ನುವ ಹಾಗೆ. ಆ ಕರುಣೆ ಅವನ ಮೈಗೆ ಬಿಸಿನೀರು ಎರಚಿದಂತಾಯಿತು.

"ಹೌದು," ಎಂದ ಶ್ರೀಕಂಠ. "ಹಾಗೇ ಆಯಿತು."

ಅಧಿಕಾರಿ ಬರೆದು ಮುಗಿಸಿದ. ಹಿಬಿನೋ ಸಹಿಯ ಬದಲಿಗೆ ಹೆಸರಿನ ಮುದ್ರೆಯನ್ನು ಕೆಂಪು ಶಾಯಿಗೆ ಒತ್ತಿ, ಕಾಗದದ ಮೇಲೆ ನೆಟ್ಟಗೆ ಇಳಿಸಿದರು. ಅಧಿಕಾರಿ ರೈಫಲ್ಲನ್ನು ಎತ್ತಿಕೊಂಡು ಒಳಗಿನ ಕೋಣೆಗೆ ಹೋದ. ಬಾಗಿಲು ಮುಚ್ಚಿದ ಮೇಲೆ ಮುದುಕರು ಆ ಬಾಗಿಲಿಗೆ ಒಮ್ಮೆ ಬಾಗಿ, ಬರಿದಾದ ಚೀಲವನ್ನು ಮಡಚತೊಡಗಿದರು. ಅದು ಎಷ್ಟು ಮಡಚಿದರೂ ಉಬ್ಬುತ್ತಿತ್ತು. ಶ್ರೀಕಂಠ ಒಂದು ತುದಿ ಹಿಡಿದುಕೊಳ್ಳಲು ಹೋದ. ಹಿಬಿನೋ, "ಇದಕ್ಕೆ ಕಾನೂನು ಇಲ್ಲ," ಎಂದು ನಕ್ಕು, ತುದಿಯನ್ನು ಅವನ ಕೈಗೆ ಕೊಟ್ಟರು. ಇಬ್ಬರೂ ಎದುರುಬದುರು ನಿಂತು ಚೀಲ ಮಡಚಿದರು.

ದಾರಿಯಲ್ಲಿ ಹಿಬಿನೋ ಕೊಂಬಿನಿ ಅಂಗಡಿಯ ಮುಂದೆ ಕಾರು ನಿಲ್ಲಿಸುವಂತೆ ಹಟ ಮಾಡಿ ಅವನಿಗೆ ಕಾಫಿ ತಂದುಕೊಟ್ಟರು. ಈಗ ಮುಂದಿನ ಸೀಟಿನಲ್ಲೇ ಕೂತರು. ಸ್ವಲ್ಪ ದೂರ ಹೋದ ಮೇಲೆ, ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಕೇಳಿದರು:

"ಮುಂದಿನ ತಿಂಗಳ ಸ್ಪರ್ಧೆಗೆ ನಾನು ಸುಮ್ಮನೆ ನೋಡಲಿಕ್ಕೆ ಬರಬಹುದೆ? ನೀವು ಹೊಡೆಯುವುದನ್ನು?"

ಶ್ರೀಕಂಠ ಕಾಫಿಯ ಲೋಟವನ್ನು ನೆಟ್ಟಗೆ ಕೂರಿಸಿಕೊಂಡ. ಕಾಫಿ ತೊಡೆಯ ನಡುವೆ ಸುಡುತ್ತಿತ್ತು.

"ಬನ್ನಿ," ಎಂದ.

ಸಿಗ್ನಲ್ ಆಗಲೇ ಹಸಿರಾಗಿತ್ತು. ಹಿಂದಿನ ಕಾರಿನವನು ಹಾರ್ನ್ ಹೊಡೆಯದೆ ಕಾಯುತ್ತಿದ್ದ.